ದೃಶ್ಯಶ್ರವ್ಯ ಗಣಕಯಂತ್ರ: ಕಾರ್ಯಾಚರಣ ವ್ಯವಸ್ಥೆ ಮತ್ತು ಸಂಗ್ರಹಣೆಯ ಆಯ್ಕೆ

ವಾಸ್ಕೊ, ಬೈನಾ, ಝುವಾರಿನಗರಗಳ ಕನ್ನಡ ಕುಟುಂಬಗಳಲ್ಲಿ ಅನೇಕವು ಉತ್ತರ ಕರ್ನಾಟಕದಿಂದ ದುಡಿಮೆಗಾಗಿ ಬಂದವು. ಅಲ್ಲಿನ ಹಿರಿಯ ಹೆಣ್ಣುಮಕ್ಕಳ ಬಾಯಲ್ಲಿ ಬೀಸುವ ಪದ, ಸೋಬಾನೆ ಪದಗಳು ಉಳಿದಿರುತ್ತವೆ. ಬೀದಿಯಲ್ಲಿ ಕೊಂಕಣಿ, ಹಿಂದಿ ಆಡುತ್ತ ಬೆಳೆಯುವ ಮೊಮ್ಮಕ್ಕಳಿಗೆ ಅವು ಕನ್ನಡದ ಜೀವಂತ ಪಾಠ. ಶಿಕ್ಷಕರು ಇವನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ಟಿವಿಗೆ ಜೋಡಿಸಿದ ಮನೆಯ ಗಣಕಯಂತ್ರದಲ್ಲಿ ಶೇಖರಿಸಬಹುದು. ಚಲನಚಿತ್ರ ಅಳಿಸಿಹೋದರೆ ಮತ್ತೆ ದೊರೆತೀತು. ಹಾಡಿದ ಅಜ್ಜಿ ಇಲ್ಲವಾದ ಮೇಲೆ ಆ ಧ್ವನಿ ದೊರೆಯದು. ಆದ್ದರಿಂದ ಯಂತ್ರದ ಆಯ್ಕೆ ಕೇವಲ ಮನರಂಜನೆಯ ವಿಷಯವಲ್ಲ.

ಮೊದಲು ಕಾರ್ಯಾಚರಣ ವ್ಯವಸ್ಥೆ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್ ಹಾಗೂ 64 ಜಿಬಿ ಸಂಗ್ರಹಣೆಯಲ್ಲದೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಬೇಕು. ಹಳೆಯ ಯಂತ್ರಗಳು ಈ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುವುದು ಸಾಮಾನ್ಯ. ಅಂಥ ಯಂತ್ರವನ್ನು ಗುಜರಿಗೆ ಹಾಕಬೇಕಾಗಿಲ್ಲ. ಉಬುಂಟುವಿನಂತಹ ಲಿನಕ್ಸ್ ವ್ಯವಸ್ಥೆ ಅದರಲ್ಲಿ ಇನ್ನೂ ಹಲವು ವರ್ಷ ನಡೆಯಬಲ್ಲದು. ಇದು ಹೊಸ ಸಾಹಸವೂ ಅಲ್ಲ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆಯು ಮುಕ್ತ ತಂತ್ರಾಂಶವನ್ನು ಶಾಲೆಗಳಿಗೆ ತಂದುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸಿನಲ್ಲಿಯೇ ಗಣಕ ಕಲಿಯುತ್ತ ಬಂದಿದ್ದಾರೆ. ಉಬುಂಟುವಿನಲ್ಲಿ ಕೆ.ಪಿ. ರಾವ್ ಅವರ ಕಗಪ ವಿನ್ಯಾಸದ ಕೀಲಿಮಣೆಯನ್ನೂ ಇನ್‌ಸ್ಕ್ರಿಪ್ಟನ್ನೂ ಅಳವಡಿಸಿಕೊಳ್ಳಬಹುದು.

ಆದರೆ ಒಂದು ತೊಡಕು. ಯೂನಿಕೋಡ್ ಪೂರ್ವದ ನುಡಿ, ಬರಹ ಅಕ್ಷರಗಳಲ್ಲಿ ಸಿದ್ಧಪಡಿಸಿದ ಹಳೆಯ ಪಾಠಟಿಪ್ಪಣಿಗಳು ಆಯಾ ಫಾಂಟ್ ಇಲ್ಲದೆಡೆ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ವ್ಯವಸ್ಥೆ ಬದಲಿಸುವ ಮೊದಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಕ್ಷೇಮ. ನುಡಿ ತಂತ್ರಾಂಶವನ್ನೇ ನೆಚ್ಚಿಕೊಂಡಿರುವವರು ವಿಂಡೋಸಿನಲ್ಲೇ ಉಳಿಯುವುದೂ ತಪ್ಪಲ್ಲ.

ಲಿಬ್ರೆಎಲೆಕ್ ಎಂಬ ಇನ್ನೊಂದು ವ್ಯವಸ್ಥೆ ನೇರವಾಗಿ ಕೋಡಿ ಎಂಬ ಪ್ರದರ್ಶಕ ತಂತ್ರಾಂಶದೊಡನೆ ತೆರೆದುಕೊಳ್ಳುತ್ತದೆ. ಹಾಡು, ಚಿತ್ರಗಳಿಗಷ್ಟೇ ಅದು ಸೊಗಸು. ಪ್ರಶ್ನೆಪತ್ರಿಕೆ ಬರೆಯಬೇಕಾದ ಶಿಕ್ಷಕರಿಗೆ ಒದಗದು. ಅವರು ಉಬುಂಟುವಿನ ಒಳಗೇ ಕೋಡಿ ಅಥವಾ ವಿಎಲ್‌ಸಿ ಹಾಕಿಕೊಳ್ಳುವುದು ಮೇಲು. ಯಾವುದನ್ನೇ ಆರಿಸಲಿ, ‘ಕ್ಷೇತ್ರಕಾರ್ಯ_ಮುತ್ತೈದೆ’ ಎಂಬ ಹೆಸರಿನ ಕಡತವೊಂದನ್ನು ಇಟ್ಟು, ಒತ್ತಕ್ಷರಗಳು ಟಿವಿಯ ಪರದೆಯಲ್ಲಿ ಸರಿಯಾಗಿ ಮೂಡುತ್ತವೆಯೇ ಎಂದು ನೋಡತಕ್ಕದ್ದು.

ಇನ್ನು ಸಂಗ್ರಹಣೆ. ಇಲ್ಲಿ ಊಹೆಗಿಂತ ಲೆಕ್ಕ ಲೇಸು. 128 ಕಿಲೋಬಿಟ್ ದರದ ಎಂಪಿ3 ಧ್ವನಿ ಗಂಟೆಗೆ ಸುಮಾರು 58 ಎಂಬಿ ಬೇಡುತ್ತದೆ. ಸಿಡಿ ಗುಣಮಟ್ಟದ ಸಂಕುಚಿಸದ ಧ್ವನಿ 635 ಎಂಬಿ. ಸೆಕೆಂಡಿಗೆ 17 ಮೆಗಾಬಿಟ್ ದರದ ವಿಡಿಯೊ ಗಂಟೆಗೆ 7.6 ಜಿಬಿ ದಾಟುತ್ತದೆ. ಎಂದರೆ 1 ಟೆರಾಬೈಟ್ ಡಿಸ್ಕಿನಲ್ಲಿ ಇಂಥ ವಿಡಿಯೊ ಸುಮಾರು 130 ಗಂಟೆ ಹಿಡಿಯುತ್ತದೆ. ವ್ಯವಸ್ಥೆಗೆ 240 ಜಿಬಿಯ ಎಸ್‌ಎಸ್‌ಡಿ, ಸಂಗ್ರಹಕ್ಕೆ ಪ್ರತ್ಯೇಕ ಹಾರ್ಡ್‌ಡಿಸ್ಕ್ ಎಂಬ ಏರ್ಪಾಡು ಖರ್ಚಿಗೂ ವೇಗಕ್ಕೂ ಹೊಂದುತ್ತದೆ. ವ್ಯವಸ್ಥೆ ಕೆಟ್ಟು ಮರುಸ್ಥಾಪಿಸಬೇಕಾದಾಗ ಹಾಡುಗಳಿಗೆ ಕೈಹಚ್ಚುವ ಪ್ರಸಂಗ ಬಾರದು.

ಕಡತವ್ಯವಸ್ಥೆಯನ್ನು ಬಹಳ ಜನ ಗಮನಿಸುವುದಿಲ್ಲ. ಫ್ಯಾಟ್32 ಇರುವ ಪೆನ್‌ಡ್ರೈವಿನಲ್ಲಿ 4 ಜಿಬಿಗೆ ಮೀರಿದ ಒಂದೇ ಕಡತ ಹಿಡಿಯದು. ಮೇಲಿನ ಒಂದು ಗಂಟೆಯ ವಿಡಿಯೊ ನಕಲಾಗದಿರಲು ಜಾಗದ ಕೊರತೆಯಲ್ಲ, ಇದೇ ಕಾರಣ. ಎಕ್ಸ್‌ಫ್ಯಾಟ್‌ಗೆ ಆ ಮಿತಿಯಿಲ್ಲ, ವಿಂಡೋಸ್‌ಗೂ ಲಿನಕ್ಸ್‌ಗೂ ಓದಲು ಬರುತ್ತದೆ. ಆದರೆ ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಅದು ಕೆಡುವ ಸಂಭವ ಹೆಚ್ಚು. ಯಂತ್ರದೊಳಗಿನ ಡಿಸ್ಕಿಗೆ ಲಿನಕ್ಸಿನಲ್ಲಿ ಎಕ್ಸ್ಟ್4, ವಿಂಡೋಸಿನಲ್ಲಿ ಎನ್‌ಟಿಎಫ್‌ಎಸ್ ಇರಲಿ. ಜೊತೆಗೆ ಚಿಕ್ಕದೊಂದು ಯುಪಿಎಸ್.

ಎರಡು ಡಿಸ್ಕುಗಳನ್ನು ಪ್ರತಿಬಿಂಬವಾಗಿ ಜೋಡಿಸುವ ರೇಡ್ ಪದ್ಧತಿಯನ್ನು ಅಂಗಡಿಯವರು ಸೂಚಿಸುವುದುಂಟು. ಒಂದು ಡಿಸ್ಕ್ ಸತ್ತರೆ ಅದು ಕಾಯುತ್ತದೆ, ನಿಜ. ಆದರೆ ಮಗುವೊಂದು ಕಡತ ಅಳಿಸಿದರೆ ಎರಡರಿಂದಲೂ ಅದು ಆ ಕ್ಷಣವೇ ಅಳಿಯುತ್ತದೆ. ಶಿಕ್ಷಕರ ಹಣ ಬಿಡಿಯಾದ ಹೊರಡಿಸ್ಕಿಗೆ ಸಂದರೆ ಉತ್ತಮ. ಒಟ್ಟು ಮೂರು ಪ್ರತಿಗಳಿರಲಿ: ಒಂದು ಯಂತ್ರದಲ್ಲಿ, ಒಂದು ಮನೆಯ ಕಪಾಟಿನಲ್ಲಿ, ಒಂದು ಬೇರೆ ಮನೆಯಲ್ಲಿ ಅಥವಾ ಊರಿನಲ್ಲಿ. ಗೋವೆಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಹಾಗೂ ಕಡಲ ಉಪ್ಪುಗಾಳಿ ಲೋಹವನ್ನೂ ಬಿಡವು, ಕ್ಯಾಸೆಟ್ಟಿಗೆ ಬೂಷ್ಟು ತರುತ್ತವೆ. ಹೊರಡಿಸ್ಕನ್ನು ಸಿಲಿಕಾ ಜೆಲ್ ಚೀಲದೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು. ಪೆನ್‌ಡ್ರೈವ್, ಎಸ್‌ಎಸ್‌ಡಿಗಳು ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಮಾಹಿತಿ ಕಳೆದುಕೊಳ್ಳಬಲ್ಲವು. ಕಪಾಟಿನ ಪ್ರತಿಗೆ ಹಾರ್ಡ್‌ಡಿಸ್ಕೇ ಸೂಕ್ತ.

ಚಟುವಟಿಕೆ: ಏಳನೆಯ ತರಗತಿಯ ಮಕ್ಕಳು ತಮ್ಮ ಮನೆಯ ಹಿರಿಯರಿಂದ ಒಂದೊಂದು ಹಾಡನ್ನು, ಅವರ ಒಪ್ಪಿಗೆ ಪಡೆದು, ಮುದ್ರಿಸಿ ತರಲಿ. ಕಡತದ ಹೆಸರಿನಲ್ಲಿ ಹಾಡಿನ ಮೊದಲ ಪದ, ಹಾಡಿದವರ ಮೂಲ ಊರು, ದಿನಾಂಕ ಇರಲಿ. ತಿಂಗಳ ನಂತರ ಮೂಲವನ್ನು ಮುಟ್ಟದೆ, ಹೊರಡಿಸ್ಕಿನ ಪ್ರತಿಯಿಂದಲೇ ಹಾಡನ್ನು ತರಗತಿಯಲ್ಲಿ ಕೇಳಿಸಬೇಕು.