ಜಿಡ್ಡಿನ ಮೋರೆ, ಸೂಕ್ಷ್ಮವಾದ ಚರ್ಮ

ಮುಖದಲ್ಲಿ ಮೊಡವೆ ಮೂಡುವ ವಯಸ್ಸೂ ಹೈಸ್ಕೂಲಿನ ವಯಸ್ಸೂ ಒಂದೇ ಆಗಿರುವುದರಿಂದ, ಈ ವಿಷಯವನ್ನು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಪಾಠರೂಪವಾಗಿ ವಿವರಿಸುವುದು ಅನುಚಿತವಾಗಲಾರದು. ಹನ್ನೆರಡು ಹದಿಮೂರನೆಯ ವರ್ಷದಿಂದ ಇಪ್ಪತ್ತರವರೆಗೆ ಬಹುಮಂದಿ ಹುಡುಗ ಹುಡುಗಿಯರಿಗೆ ಇದು ಬಂದೇ ಬರುತ್ತದೆ. ಹಿರಿಯರು ಕಂಡು ನಗುವರು. ಅನುಭವಿಸುವ ಮಕ್ಕಳಿಗೆ ಅದು ನಗುವ ಸಂಗತಿಯಲ್ಲ. ತರಗತಿಯಲ್ಲಿ ಮುಂದಿನ ಬೆಂಚಿಗೆ ಬರಲು ಹಿಂಜರಿಯುವವರೂ, ಫೋಟೋ ತೆಗೆಯುವ ದಿನ ಮರೆಯಾಗುವವರೂ ಉಂಟು. ಅಂಥವರು ಪೇಟೆಯಲ್ಲಿ ಸಿಕ್ಕಿದ ಡಬ್ಬಿಯನ್ನು ಕೊಂಡು ಹಚ್ಚಿಬಿಡುವ ಆತುರದಲ್ಲಿರುತ್ತಾರೆ. ಈ ಆತುರದಿಂದಾಗುವ ಕೇಡು ಮೊಡವೆಯ ಕೇಡಿಗಿಂತ ದೊಡ್ಡದು. ಆದುದರಿಂದ ತಂದೆತಾಯಂದಿರೂ ಈ ಪಾಠವನ್ನು ಓದತಕ್ಕದ್ದು.

ಮೊದಲು ಚರ್ಮದ ರಚನೆಯನ್ನು ತಿಳಿಯೋಣ. ಚರ್ಮದ ಅತ್ಯಂತ ಮೇಲಿನ ಪದರವು ನಮ್ಮ ಊರಿನ ಮುರಕಲ್ಲಿನ ಗೋಡೆಯಂತಿದೆ. ಸತ್ತು ಚಪ್ಪಟೆಯಾದ ಜೀವಕೋಶಗಳೇ ಕಲ್ಲುಗಳು. ಅವುಗಳ ನಡುವಣ ಕೊಬ್ಬಿನ ದ್ರವ್ಯವೇ ಗಾರೆ. ಗಾರೆ ಉದುರಿದ ಗೋಡೆಯೊಳಗೆ ಮಳೆಯ ನೀರು ಇಳಿಯುವಂತೆ, ಈ ಕೊಬ್ಬು ತೊಳೆದುಹೋದ ಚರ್ಮದೊಳಕ್ಕೆ ಉರಿಯನ್ನುಂಟುಮಾಡುವ ದ್ರವ್ಯಗಳು ಇಳಿಯುತ್ತವೆ. ಒಳಗಿನ ತೇವವು ಹೊರಗೆ ಆರಿಹೋಗುತ್ತದೆ. ಸೂಕ್ಷ್ಮ ಚರ್ಮವೆಂದು ನಾವು ಕರೆಯುವುದು ಬಹುಮಟ್ಟಿಗೆ ಇದನ್ನೇ. ಈ ಗೋಡೆಯ ಕೆಳಗೆ, ರೋಮದ ಬುಡಕ್ಕೆ ಅಂಟಿಕೊಂಡು, ಎಣ್ಣೆಯನ್ನು ಸ್ರವಿಸುವ ಗ್ರಂಥಿಗಳಿವೆ. ಮುಖದ ಒಂದು ಚದರ ಸೆಂಟಿಮೀಟರಿನಲ್ಲಿ ಇಂಥ ಗ್ರಂಥಿಗಳು 400ರಿಂದ 900ರವರೆಗೆ ಇರಬಹುದು. ಯೌವನಾರಂಭದಲ್ಲಿ ದೇಹದಲ್ಲಿ ಹುಟ್ಟುವ ಹಾರ್ಮೋನುಗಳು ಈ ಗ್ರಂಥಿಗಳನ್ನು ಪ್ರಚೋದಿಸುತ್ತವೆ. ಎಣ್ಣೆ ಹೆಚ್ಚುತ್ತದೆ, ರಂಧ್ರದ ಬಾಯಲ್ಲಿ ಸತ್ತ ಕೋಶಗಳು ಎಣ್ಣೆಯೊಡನೆ ಸೇರಿ ಬಿರಡೆಯಂತೆ ಕಟ್ಟಿಕೊಳ್ಳುತ್ತವೆ, ಒಳಗೆ ವಾಸಿಸುವ ಬ್ಯಾಕ್ಟೀರಿಯಾಗಳು ವೃದ್ಧಿಯಾಗುತ್ತವೆ, ಕೊನೆಗೆ ಕೆಂಪಗೆ ಊದಿದ ಮೊಡವೆ ಕಾಣಿಸುತ್ತದೆ. ಬಿರಡೆಯ ತುದಿಯಲ್ಲಿ ಕಾಣುವ ಕಪ್ಪು ಕೊಳೆಯಲ್ಲ, ಗಾಳಿ ತಗಲಿದ ಬಣ್ಣದ್ರವ್ಯ. ಅದನ್ನು ಎಷ್ಟು ತಿಕ್ಕಿದರೂ ಹೋಗದು.

ಇಲ್ಲಿಯೇ ಒಂದು ವಿಚಿತ್ರವುಂಟು. ಜಿಡ್ಡಿನ ಮುಖ ಗಟ್ಟಿಯಾದುದೆಂದೂ ಎಷ್ಟು ತೊಳೆದರೂ ತಡೆದುಕೊಳ್ಳುವುದೆಂದೂ ಜನರು ಭಾವಿಸುತ್ತಾರೆ. ನಿಜದಲ್ಲಿ ಮೇಲೆ ಎಣ್ಣೆ ಹೊಳೆಯುತ್ತಿದ್ದರೂ ಗೋಡೆಯ ಗಾರೆ ಉದುರಿರಬಹುದು. ಹೊಳೆಯುವುದು ಗ್ರಂಥಿಯ ಎಣ್ಣೆ. ಗಾರೆಯಾಗಿರುವುದು ಬೇರೆ ಬಗೆಯ ಕೊಬ್ಬು. ದಿನಕ್ಕೆ ಐದಾರು ಬಾರಿ ಸೋಪು ಹಾಕಿ ಉಜ್ಜುವ ಹುಡುಗನಿಗೆ ಜಿಡ್ಡೂ ಉಳಿಯುತ್ತದೆ, ಉರಿಯೂ ಸೇರಿಕೊಳ್ಳುತ್ತದೆ.

ಸೋಪಿನ ವಿಚಾರವನ್ನು ಶಾಲೆಯ ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಬಹುದು. ಸ್ನಾನದ ಸೋಪನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಕೆಂಪು ಲಿಟ್ಮಸ್ ಕಾಗದವನ್ನು ಅದ್ದಿದರೆ ಅದು ನೀಲಿಯಾಗುತ್ತದೆ. ಎಣ್ಣೆಗೆ ಕ್ಷಾರವನ್ನು ಸೇರಿಸಿ ಮಾಡಿದ ಸೋಪಿನ ಪಿ.ಎಚ್. ಸಾಮಾನ್ಯವಾಗಿ 9ರಿಂದ 10. ನಮ್ಮ ಚರ್ಮದ ಮೇಲ್ಮೈಯ ಪಿ.ಎಚ್. ಸುಮಾರು 5, ಅಂದರೆ ಅದು ಕೊಂಚ ಆಮ್ಲಗುಣದ್ದು. ಈಗ ನಿಂಬೆರಸದಲ್ಲಿ ನೀಲಿ ಕಾಗದವನ್ನು ಅದ್ದಿರಿ, ತಟ್ಟನೆ ಕೆಂಪಾಗುವುದು. ನಿಂಬೆಯ ಪಿ.ಎಚ್. 2ರ ಹತ್ತಿರ. ಇವೆರಡೂ ಚರ್ಮದ ಸಹಜಸ್ಥಿತಿಯಿಂದ ದೂರ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದವರ ಚರ್ಮ ಸುಟ್ಟಂತೆ ಕಪ್ಪಾಗುವುದೂ ಉಂಟು. ನಿಂಬೆಜಾತಿಯ ಹಣ್ಣುಗಳಲ್ಲಿರುವ ಕೆಲವು ದ್ರವ್ಯಗಳು ಬಿಸಿಲಿನೊಡನೆ ಕೂಡಿ ಈ ಹಾನಿಯನ್ನು ಮಾಡುತ್ತವೆ. ಕ್ಷಾರವಿಲ್ಲದ, ಸುವಾಸನೆ ಬೆರೆಸದ, ಮುಖ ತೊಳೆಯುವ ಮೃದುದ್ರವವೊಂದನ್ನು ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬಳಸಿದರೆ ಸಾಕು. ಆಟದಿಂದಲೋ ತೋಟದಿಂದಲೋ ಬೆವರಿ ಬಂದಾಗ ಬರಿಯ ನೀರಿನಿಂದ ತೊಳೆದರಾಯಿತು. ಬಾವಿಯ ನೀರಾದರೂ ಸುರಂಗದ ನೀರಾದರೂ ಭೇದವಿಲ್ಲ. ಬಿಸಿನೀರು ಮಾತ್ರ ಬೇಡ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಈಗಿನ ಮುಲಾಮುಗಳ ಮೇಲೆ ಕ್ರಿಯಾದ್ರವ್ಯಗಳ ಹೆಸರೂ ಅವುಗಳ ಶೇಕಡಾ ಪ್ರಮಾಣವೂ ಅಚ್ಚಾಗಿರುತ್ತವೆ. ಈ ಶೇಕಡಾ ಲೆಕ್ಕ ಅಗಲ್ಪಾಡಿಯ ಕೃಷಿಕರಿಗೆ ಹೊಸದಲ್ಲ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಶೇಕಡಾ 1ರದ್ದು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಸಾಕಾಯಿತೇ ಎಂದು ತಿಳಿಯಲು ಕಬ್ಬಿಣದ ಕತ್ತಿಯ ಅಲಗನ್ನು ಅದ್ದಿ ನೋಡುವುದುಂಟು. ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಮೈಲುತುತ್ತು ಹೆಚ್ಚಿದರೆ ರೋಗ ಬೇಗ ಹೋಗುವುದೆಂದು ತಿಳಿದ ಕೃಷಿಕನಿಲ್ಲ. ಹಾಗೆ ಮಾಡಿದರೆ ಎಳೆಯ ಕಾಯಿಯೂ ಸೋಗೆಯೂ ಸುಡುವುದೆಂದು ಎಲ್ಲರೂ ಬಲ್ಲರು. ತೋಟದಲ್ಲಿ ಇಷ್ಟು ಎಚ್ಚರವಿರುವ ಮನೆಯಲ್ಲಿಯೇ ಮಗಳ ಮುಖಕ್ಕೆ ಒಂದೇ ವಾರದಲ್ಲಿ ನಾಲ್ಕು ಬಗೆಯ ಮದ್ದು ಬೀಳುವುದು ಆಶ್ಚರ್ಯವೇ ಸರಿ.

ಜಿಡ್ಡೂ ಸೂಕ್ಷ್ಮತೆಯೂ ಒಟ್ಟಿಗೆ ಇರುವ ಚರ್ಮಕ್ಕೆ ಮೊದಲು ಬಳಸತಕ್ಕದ್ದು ನಯಾಸಿನಮೈಡ್ ಎಂಬುದು ನಮ್ಮ ಅಭಿಪ್ರಾಯ. ಇದು ಬಿ-3 ಜೀವಸತ್ವದ ಒಂದು ರೂಪ. ಆಹಾರದಲ್ಲಿ ಈ ಸತ್ವವು ಸಾಲದೆ ಬಂದಾಗ ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುವ ಪೆಲಾಗ್ರ ರೋಗವುಂಟಾಗುತ್ತದೆ. ಜೋಳವನ್ನೇ ಮುಖ್ಯವಾಗಿ ತಿನ್ನುತ್ತಿದ್ದ ದಖ್ಖಣದ ಬಡವರಲ್ಲಿ ಈ ರೋಗವಿದ್ದುದನ್ನು ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ಹೈದರಾಬಾದಿನಿಂದ 1960ರಲ್ಲಿ ವರದಿ ಮಾಡಿದರು. ಮೇಲೆ ಹಚ್ಚಿದಾಗ ಶೇಕಡಾ 2ರಿಂದ 5ರ ಪ್ರಮಾಣದಲ್ಲಿ ಇದು ಜಿಡ್ಡನ್ನು ಸ್ವಲ್ಪ ತಗ್ಗಿಸುತ್ತದೆ, ಗೋಡೆಯ ಗಾರೆಯನ್ನು ಬಲಪಡಿಸುತ್ತದೆ. ಶೇಕಡಾ 10ರ ಶೀಶೆಗಳು ಅಂಗಡಿಗಳಲ್ಲಿ ಹೇರಳವಾಗಿವೆ. ಸೂಕ್ಷ್ಮ ಚರ್ಮದವರಿಗೆ ಅಷ್ಟು ಬೇಕಾಗಿಲ್ಲ.

ಎರಡನೆಯದು ಸ್ಯಾಲಿಸಿಲಿಕ್ ಆಮ್ಲ. ವಿಲೋ ಎಂಬ ಮರದ ತೊಗಟೆಯಿಂದ ಇದರ ಹೆಸರು ಬಂದಿತು. 1870ರ ದಶಕದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಕೋಲ್ಬೆಯ ವಿಧಾನದಿಂದ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಹುಳುಕಡ್ಡಿಗೆ ಹಚ್ಚುವ ಹಳೆಯ ವಿಟ್‌ಫೀಲ್ಡ್ ಮುಲಾಮಿನಲ್ಲಿರುವುದೂ ಇದೇ. ಇದು ಎಣ್ಣೆಯಲ್ಲಿ ಕರಗುವುದರಿಂದ ಎಣ್ಣೆ ತುಂಬಿದ ರಂಧ್ರದೊಳಗೆ ಇಳಿದು ಬಿರಡೆಯನ್ನು ಸಡಿಲಿಸಬಲ್ಲದು. ಶೇಕಡಾ 0.5ರಿಂದ 2ರವರೆಗಿನ ಪ್ರಮಾಣ ಮುಖಕ್ಕೆ ಸಾಕು. ಆಸ್ಪಿರಿನ್ ಮಾತ್ರೆ ಒಗ್ಗದವರು ಇದನ್ನು ಮುಟ್ಟಬಾರದು. ಇದಕ್ಕೆ ಬದಲಾಗಿ ಅಜೆಲಾಯಿಕ್ ಆಮ್ಲವನ್ನು ಬಳಸಬಹುದು. ಗೋಧಿ, ಬಾರ್ಲಿಗಳಲ್ಲಿ ಸಹಜವಾಗಿ ಇರುವ ಈ ದ್ರವ್ಯ ಶೇಕಡಾ 10ರಿಂದ 20ರ ಮುಲಾಮಾಗಿ ದೊರೆಯುತ್ತದೆ. ಮೊಡವೆಯನ್ನೂ, ಅದು ಬಿಟ್ಟುಹೋಗುವ ಕಪ್ಪು ಕಲೆಯನ್ನೂ ಒಟ್ಟಿಗೆ ತಗ್ಗಿಸುವುದು ಇದರ ಗುಣ. ಎರಡನ್ನೂ ಒಟ್ಟಿಗೆ ಆರಂಭಿಸಕೂಡದು.

ಬೆನ್ಜಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಶೇಕಡಾ 2.5ರದ್ದು ಶೇಕಡಾ 10ರಷ್ಟೇ ಗುಣಕಾರಿಯೆಂದೂ, ಉರಿ ಮಾತ್ರ ಕಡಿಮೆಯೆಂದೂ ಪರೀಕ್ಷೆಗಳಿಂದ ತಿಳಿದಿದೆ. ತಲೆದಿಂಬಿನ ಬಟ್ಟೆಯ ಬಣ್ಣವನ್ನು ಇದು ತಿನ್ನುವುದರಿಂದ ಬಿಳಿಯ ಬಟ್ಟೆಯನ್ನೇ ಹಾಸಬೇಕು. ಎ ಜೀವಸತ್ವದ ಬಳಗಕ್ಕೆ ಸೇರಿದ ಅಡಾಪಲೀನ್ ಮೊದಲಾದವು ಇನ್ನೂ ಬಲವಾದ ಮದ್ದುಗಳು. ವೈದ್ಯರನ್ನು ಕೇಳದೆ ಅವುಗಳನ್ನು ಹಚ್ಚಬಾರದು, ಗರ್ಭಿಣಿಯರಂತೂ ಹಚ್ಚಲೇಬಾರದು.

ಯಾವ ಹೊಸ ಮದ್ದನ್ನೂ ಮೊದಲು ಮೊಣಕೈಯ ಒಳಮಡಿಕೆಯ ಬಳಿ, ಕಾಸಿನಗಲದ ಜಾಗದಲ್ಲಿ, ಒಂದು ವಾರ ದಿನವೂ ಹಚ್ಚಿ ನೋಡಬೇಕು. ತುರಿಕೆಯಾಗಲಿ ಕೆಂಪಾಗಲಿ ಕಾಣದಿದ್ದರೆ ಮುಖಕ್ಕೆ ತರಬಹುದು. ಅದೂ ಎರಡು ದಿನಕ್ಕೊಮ್ಮೆ. ಒಂದು ದ್ರವ್ಯ ಒಗ್ಗಿತೆಂದು ಖಚಿತವಾಗಲು ಎರಡು ಮೂರು ವಾರ ಬೇಕು. ಆ ಬಳಿಕವೇ ಎರಡನೆಯದು. ಒಮ್ಮೆಗೇ ಮೂರನ್ನು ಹಚ್ಚಿ ಮುಖ ಉರಿದರೆ, ಉರಿಸಿದ್ದು ಯಾವುದೆಂದು ಹೇಳುವವರಾರು? ರಾತ್ರಿ ಮುಖ ತೊಳೆದು, ಒರೆಸಿ, ಹತ್ತು ನಿಮಿಷ ಒಣಗಲು ಬಿಟ್ಟು ಮದ್ದನ್ನು ತೆಳುವಾಗಿ ಸವರಬೇಕು. ಮೇಲೆ ಎಣ್ಣೆಯಿಲ್ಲದ ತೇವಾಂಶದ ಮುಲಾಮು. ಜಿಡ್ಡಿನ ಮುಖಕ್ಕೆ ತೇವವೇಕೆಂದು ಕೇಳುವವರು ಗಾರೆಯ ಮಾತನ್ನು ನೆನೆಯಲಿ. ಬೆಳಗ್ಗೆ ಎಸ್.ಪಿ.ಎಫ್. 30ಕ್ಕೆ ಕಡಿಮೆಯಿಲ್ಲದ ಬಿಸಿಲುತಡೆಯ ಮುಲಾಮನ್ನು ಹಚ್ಚಬೇಕು. ಸೂಕ್ಷ್ಮ ಚರ್ಮಕ್ಕೆ ಸತುವಿನ ಆಕ್ಸೈಡ್ ಇರುವುದು ಹೆಚ್ಚು ಒಗ್ಗುತ್ತದೆ. ಫಲವನ್ನು ಎಂಟು ಹನ್ನೆರಡು ವಾರಗಳ ಮೊದಲು ನಿರೀಕ್ಷಿಸಬಾರದು. ಇಂದು ಕಾಣುವ ಮೊಡವೆಯ ಬಿರಡೆ ವಾರಗಳ ಹಿಂದೆಯೇ ಒಳಗೆ ಕಟ್ಟಿದುದಾಗಿರುತ್ತದೆ.

ನಮ್ಮ ಮನೆಗಳ ವಾಡಿಕೆಗಳ ಬಗ್ಗೆಯೂ ಎರಡು ಮಾತು ಹೇಳಬೇಕಾಗಿದೆ. ತೆಂಗಿನೆಣ್ಣೆ ಒಣಚರ್ಮಕ್ಕೂ ಕೂದಲಿಗೂ ಹಿತಕರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಜಿಡ್ಡಿನ ಮೋರೆಗೆ ಅದು ಬೇಡ. ಶಾಲೆಗೆ ಹೊರಡುವಾಗ ತಲೆ ತುಂಬ ಎಣ್ಣೆ ಹಾಕಿ ಬಾಚಿದರೆ ಬೆವರಿನೊಡನೆ ಅದು ಹಣೆಗೆ ಇಳಿದು, ಕೂದಲಂಚಿನ ಉದ್ದಕ್ಕೂ ಸಣ್ಣ ಗುಳ್ಳೆಗಳನ್ನು ಎಬ್ಬಿಸುತ್ತದೆ. ರಾತ್ರಿ ಹಚ್ಚಿ ಬೆಳಗ್ಗೆ ತಲೆ ತೊಳೆಯುವುದು ಲೇಸು. ಮಳೆಗಾಲದಲ್ಲಿ ಒಂದೇ ಗಾತ್ರದ, ತುರಿಸುವ ಗುಳ್ಳೆಗಳು ಹಣೆಯಲ್ಲೂ ಬೆನ್ನಲ್ಲೂ ಎದ್ದರೆ ಅವು ಮೊಡವೆಯೇ ಆಗಿರಬೇಕೆಂದಿಲ್ಲ. ತಲೆಹೊಟ್ಟಿಗೆ ಕಾರಣವಾಗುವ ಬೂಷ್ಟಿನಿಂದಲೂ ಅಂಥವು ಏಳುತ್ತವೆ, ಅವುಗಳ ಮದ್ದು ಬೇರೆ. ಅರಸಿನ ಕೆಲವರಿಗೆ ಒಗ್ಗುತ್ತದೆ, ಕೆಲವರಿಗೆ ತುರಿಕೆ ತರುತ್ತದೆ. ಗೇರುಬೀಜದ ಸೊನೆಯಾಗಲಿ ಮಾವಿನ ಸೊನೆಯಾಗಲಿ ತಗಲಿದ ಕೈಯಿಂದ ಮುಖ ಮುಟ್ಟಿದರೆ ಸುಟ್ಟಗಾಯವೇ ಆಗಬಹುದು. ಹಲ್ಲುಜ್ಜುವ ಪೇಸ್ಟನ್ನು ಮೊಡವೆಯ ಮೇಲಿಡುವುದು ಯಾವ ಮಗುವಿನ ಆವಿಷ್ಕಾರವೋ ತಿಳಿಯದು. ಅದರಿಂದ ಉರಿಯಲ್ಲದೆ ಬೇರೇನೂ ಲಾಭವಿಲ್ಲ.

ನಮ್ಮಂಥ ಕಂದುಬಣ್ಣದ ಚರ್ಮದಲ್ಲಿ ಮೊಡವೆ ಆರಿದ ಮೇಲೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ; ಹಿಸುಕಿದರೆ ಇನ್ನೂ ಹೆಚ್ಚು. ಈ ಕಲೆಯ ದೆಸೆಯಿಂದಲೇ ಅನೇಕರು ಬಿಳುಪಿನ ಕ್ರೀಮುಗಳ ಮೊರೆಹೋಗುವುದು. ಇಲ್ಲಿ ಅಪಾಯ ನಿಜವಾದುದು. ನಮ್ಮ ರಾಜ್ಯದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ಲಿನ ಆಸ್ಪತ್ರೆಯೊಂದರಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡದ ರೋಗದಿಂದ ಬಂದ 22 ಮಂದಿಯನ್ನು ವೈದ್ಯರು ಪರೀಕ್ಷಿಸಿದರು. ಅವರಲ್ಲಿ 15 ಮಂದಿಗೆ ಆ ರೋಗದ ಅಪರೂಪದ ಪ್ರಭೇದವಿತ್ತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮುಗಳನ್ನು ಹಚ್ಚುತ್ತಿದ್ದವರು. ಕ್ರೀಮುಗಳಲ್ಲಿದ್ದುದು ಪಾದರಸ. ಅದು ಚರ್ಮದ ಬಣ್ಣದ್ರವ್ಯದ ಉತ್ಪತ್ತಿಯನ್ನು ತಡೆಯುತ್ತದೆ. ಆದುದರಿಂದಲೇ ಮೊದಮೊದಲು ಮುಖ ತಿಳಿಯಾದಂತೆ ತೋರುತ್ತದೆ. ಬಳಿಕ ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಪ್ರಸಾಧನಗಳಿಗೆ ಪಾದರಸ ಸೇರಿಸುವುದನ್ನು ನಮ್ಮ ದೇಶದ 2020ರ ನಿಯಮಗಳು ನಿಷೇಧಿಸಿವೆ. 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆಯು ಇಂಥ ಕ್ರೀಮುಗಳಿಗಾಗಿ ಅಂಗಡಿಗಳನ್ನು ಶೋಧಿಸಿತು. ತಯಾರಕರ ವಿಳಾಸ, ಪರವಾನಗಿಯ ಸಂಖ್ಯೆ, ಒಳಗಿರುವ ದ್ರವ್ಯಗಳ ಪಟ್ಟಿ ಇವು ಮೂರೂ ಮುದ್ರಿತವಾಗಿಲ್ಲದ ಡಬ್ಬಿಯನ್ನು, ಗಲ್ಫಿನಿಂದ ಬಂದ ನೆಂಟರೇ ಪ್ರೀತಿಯಿಂದ ಕೊಟ್ಟಿದ್ದರೂ, ಮುಖಕ್ಕೆ ತರಬಾರದು.

ಇನ್ನೊಂದು ಕೇಡು ಸ್ಟೀರಾಯ್ಡ್ ಬೆರೆತ ಮುಲಾಮುಗಳದು. ಹಚ್ಚಿದ ನಾಲ್ಕು ದಿನಕ್ಕೆ ಮುಖ ನುಣುಪಾಗುತ್ತದೆ. ತಿಂಗಳುಗಳಲ್ಲಿ ಚರ್ಮ ತೆಳುವಾಗಿ, ರಕ್ತನಾಳಗಳು ಕಾಣಿಸಿಕೊಂಡು, ಬಿಟ್ಟ ಕೂಡಲೆ ಮೊಡವೆ ಇಮ್ಮಡಿಯಾಗಿ ಮರಳುತ್ತದೆ. ಇಂಥ ಅನೇಕ ಮುಲಾಮುಗಳನ್ನು ಕೇಂದ್ರ ಸರಕಾರವು 2018ರಲ್ಲಿ ಚೀಟಿಯಿಲ್ಲದೆ ಮಾರಬಾರದ ಮದ್ದುಗಳ ಪಟ್ಟಿಗೆ ಸೇರಿಸಿತು.

ಮೂರು ತಿಂಗಳ ಕ್ರಮವಾದ ಆರೈಕೆಯಿಂದಲೂ ಗುಣ ಕಾಣದಿದ್ದರೆ, ಗಂಟುಗಂಟಾದ ನೋಯುವ ಮೊಡವೆಗಳು ಎದ್ದರೆ, ಹುಡುಗಿಯರಲ್ಲಿ ಮುಟ್ಟಿನ ಕ್ರಮ ತಪ್ಪಿ ಗಲ್ಲದ ಮೇಲೆ ರೋಮ ಹೆಚ್ಚುತ್ತಿದ್ದರೆ, ಅಥವಾ ಮಗು ಮುಖದ ಕಾರಣದಿಂದ ಶಾಲೆಗೆ ಹೋಗಲೊಲ್ಲದಾದರೆ, ಚರ್ಮವೈದ್ಯರ ಬಳಿಗೆ ಕರೆದೊಯ್ಯಬೇಕು. ಹೋಗುವಾಗ ಮನೆಯಲ್ಲಿ ಹಚ್ಚುತ್ತಿರುವ ಡಬ್ಬಿ, ಶೀಶೆ, ಸೋಪು, ತಲೆಗೆ ಹಾಕುವ ಎಣ್ಣೆ ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಿರಿ. ಎಷ್ಟು ದಿನದಿಂದ ಯಾವುದನ್ನು ಬಳಸಿದ್ದೆಂದು ಮಗುವೇ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರೆ ಇನ್ನೂ ಉತ್ತಮ.