ದಿನಕ್ಕೊಂದು ಸಾಲು ಬರೆದಿಡು, ಮಗಾ

ನೈಟ್ ಶಿಫ್ಟ್ ಮುಗಿಸಿ ನಂಜನಗೂಡಿನಿಂದ ನರಸೀಪುರಕ್ಕೆ ಬರುವಾಗ ‘ಯಾಕೋ ಏನೂ ಬೇಡ ಅನ್ನಿಸುತ್ತೆ ದೊಡ್ಡಮ್ಮ’ ಅಂತ ಫೋನಿನಲ್ಲಿ ಅಂದೆಯಲ್ಲ, ಅದಕ್ಕೇ ಇಷ್ಟು ಹೇಳುತ್ತಿದ್ದೀನಿ.

• ಜೇಬಿನಲ್ಲೊಂದು ಚಿಕ್ಕ ನೋಟ್‌ಬುಕ್ ಇರಲಿ. ಮೂರೇ ವಿಷಯ ಬರೆ: ಎಷ್ಟು ಗಂಟೆ ನಿದ್ದೆ, ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ, ಆಗ ಏನು ಮಾಡುತ್ತಿದ್ದೆ.

• ಆಗಿದ್ದನ್ನು ಆಗಲೇ ಬರೆ. ಬೇಸತ್ತ ಮನಸ್ಸು ರಾತ್ರಿ ನೆನೆಸಿಕೊಂಡರೆ ಇಡೀ ದಿನವೇ ಕೆಟ್ಟಿತ್ತು ಅನ್ನುತ್ತೆ. ತಿರುಮಕೂಡಲು ಸಂಗಮದ ಹತ್ತಿರ ಗೆಳೆಯನ ಜೊತೆ ಕೂತಾಗ 3 ಇದ್ದದ್ದು 5 ಆಗಿದ್ದು ಬರೆದಿಟ್ಟರಷ್ಟೇ ಸಿಗುತ್ತೆ. ಮುಂದಿನ ವಾರ ಬೇಕಂತಲೇ ಅಲ್ಲಿಗೆ ಹೋಗು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯಲ್ಲೂ ಹೀಗೆ ಬರೆಯಲು ಹೇಳುತ್ತಾರೆ.

• ‘ನಾನು ಕೆಲಸಕ್ಕೆ ಬಾರದವನು’ ಅಂತ ತೀರ್ಪು ಬರೆಯಬೇಡ. ‘ಸೂಪರ್‌ವೈಸರ್ ಬೈದರು, ಊಟ ಬಿಟ್ಟೆ, ನಾಲ್ಕು ಸಿಗರೇಟು ಸೇದಿದೆ’ ಅಂತ ನಡೆದದ್ದನ್ನು ಬರೆ. ಡೇರಿಯಲ್ಲಿ ಬೆಳಿಗ್ಗೆ ಸಂಜೆ ಲೀಟರು, ಫ್ಯಾಟು ಬರೆದುಕೊಳ್ಳುತ್ತಾರೆ. ಫ್ಯಾಟು ಇಳಿದರೆ ಯಾರೂ ಹಸುವನ್ನು ಬೈಯುವುದಿಲ್ಲ, ಮೇವು ನೋಡುತ್ತಾರೆ.

• ಸಿಗರೇಟನ್ನು ಹಚ್ಚುವ ಮುಂಚೆಯೇ ಬರೆ. ಪೆನ್ನು ತೆಗೆಯುವ ಆ ಗಳಿಗೆಯಲ್ಲೇ ಕೆಲವು ಸಲ ಕೈ ಹಿಂದೆ ಬರುತ್ತೆ. ಬರೀ ಲೆಕ್ಕದಿಂದ ಬಂದ ಹಿಡಿತ ಬೇಗ ಸಡಿಲವಾಗುತ್ತೆ, ಅದಕ್ಕೇ ವಾರಕ್ಕೊಮ್ಮೆ ಹಾಳೆ ತಿರುವಿ ಒಂದೇ ಒಂದು ಬದಲಾವಣೆ ಮಾಡಿಕೊ.

• ನಿದ್ದೆಯ ಲೆಕ್ಕವನ್ನು ಚೆನ್ನಾಗಿ ನೋಡು. ಎರಡು ವಾರ ಅಂಕ ಮೇಲೇಳದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಮೂರೇ ಗಂಟೆ ಮಲಗಿಯೂ ಸುಸ್ತಿಲ್ಲ, ಮಾತು ಜಾಸ್ತಿ, ಖರ್ಚು ಜಾಸ್ತಿ ಅಂದರೂ ಹೋಗು. ಅದು ಹುಷಾರಾದ ಲಕ್ಷಣವಲ್ಲ. ಇಂಥದ್ದು ನಿನಗಿಂತ ಮೊದಲು ನಿಮ್ಮಮ್ಮನಿಗೆ ಕಾಣುತ್ತೆ, ಅವಳೂ ಒಂದು ಸಾಲು ಬರೆಯಲಿ.

• ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿಕೊಂಡು ನೋಟ್‌ಬುಕ್ ಸಮೇತ ಹೋಗು. ‘ಹೇಗಿದ್ದೀರಿ’ ಅಂದಾಗ ನಿನ್ನ ಬಾಯಿಗೆ ಬರದದ್ದು ಅದರಲ್ಲಿರುತ್ತೆ. ಶ್ರೀಕಂಠೇಶ್ವರನ ಹರಕೆ ಇದ್ದರೆ ಅದನ್ನೂ ತೀರಿಸು, ಕೊಟ್ಟ ಮಾತ್ರೆ ಮಾತ್ರ ಬಿಡಬೇಡ.

• ಬರೆದೂ ಬರೆದೂ ಮನಸ್ಸು ಅಲ್ಲೇ ಸುತ್ತುತ್ತಿದ್ದರೆ ವಾರಕ್ಕೆ ಎರಡು ದಿನ ಬರೆದರೆ ಸಾಕು. ಬಿಟ್ಟುಹೋದ ದಿನಗಳನ್ನು ತುಂಬಿಸುತ್ತಾ ಕೂರಬೇಡ.

• ಸಾಯಬೇಕು ಅನ್ನಿಸಿದರೆ ಬರೆಯುತ್ತಾ ಕೂರಬೇಡ. ಅಮ್ಮನನ್ನು ಎಬ್ಬಿಸು, 14416ಕ್ಕೆ ಫೋನ್ ಮಾಡು. 2022ರಿಂದ ಇರುವ ಟೆಲಿ ಮಾನಸ್ ಸಹಾಯವಾಣಿ ಅದು; ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ.