‘ಬಿತ್ತುವವನು’ ನಕಲು ಮಾಡುತ್ತ ಕಲಿತ ಪಾಠಗಳು

ತೈಲವರ್ಣ ಕಲಿಯಬೇಕೆಂದು ಬರುವವರ ಮುಂದೆ ನಾನು ಇಡುವುದು ವ್ಯಾನ್ ಗೋನ ‘ಬಿತ್ತುವವನು’. 1888ರ ಜೂನ್‌ನಲ್ಲಿ ಫ್ರಾನ್ಸಿನ ಆರ್ಲ್‌ನಲ್ಲಿ ಬರೆದ ಈ ಚಿತ್ರ ಈಗ ನೆದರ್‌ಲ್ಯಾಂಡ್ಸಿನ ಕ್ರೊಲರ್-ಮ್ಯೂಲರ್ ಮ್ಯೂಸಿಯಮ್ಮಿನಲ್ಲಿದೆ. ಉತ್ತ ಹೊಲ, ಅದರಾಚೆ ಮಾಗಿದ ಗೋಧಿ, ದಿಗಂತದಲ್ಲಿ ಸೂರ್ಯ, ಕಾಳು ಎರಚುತ್ತ ನಡೆಯುವ ರೈತ. ಆ ರೈತನನ್ನು ವ್ಯಾನ್ ಗೋ ಪಡೆದದ್ದು ಫ್ರೆಂಚ್ ಚಿತ್ರಕಾರ ಮಿಲೆಯ ಚಿತ್ರದಿಂದ. ನಕಲು ಮಾಡಲು ಹಿಂಜರಿಯುವವರಿಗೆ ಇಷ್ಟು ಗೊತ್ತಿದ್ದರೆ ಸಾಕು.

1. ಮೊದಲು ಕಪ್ಪುಬಿಳುಪಿನಲ್ಲಿ ನಕಲು ಮಾಡಿ. ಮುಂದೆ ಫ್ರಾನ್ಸಿನದೇ ಸೇಂಟ್ ರೆಮಿಯಲ್ಲಿದ್ದಾಗ ವ್ಯಾನ್ ಗೋ ಮಿಲೆಯ ಕಪ್ಪುಬಿಳುಪು ಮುದ್ರಣಗಳನ್ನು ನೋಡಿ, ಬಣ್ಣವನ್ನು ತಾನೇ ಕಟ್ಟಿಕೊಂಡ. ನಾವು ಆ ದಾರಿಯಲ್ಲಿ ಹಿಂದಕ್ಕೆ ನಡೆಯಬೇಕು. ಬಣ್ಣ ತೆಗೆದು ನೋಡಿದಾಗ ಆಕಾಶ ಬೆಳಕು, ಹೊಲ ನೆರಳು ಎಂಬ ಎರಡೇ ದೊಡ್ಡ ಭಾಗಗಳು ಎದ್ದು ಕಾಣುತ್ತವೆ. ಇವು ಕೂತರೆ ಅರ್ಧ ಚಿತ್ರ ಕೂತಂತೆ.

2. ಹಳದಿಗೆ ಎದುರು ನೇರಳೆ. ಸೂರ್ಯನಿಗೆ ಕ್ರೋಮ್ ಹಳದಿಯ ಜೊತೆ ತುಸು ಬಿಳಿ, ಉಳಿದ ಆಕಾಶಕ್ಕೆ ಎರಡು ಬಗೆಯ ಕ್ರೋಮ್ ಹಳದಿ ಎಂದು ಅವನೇ ಗೆಳೆಯ ಬರ್ನಾರ್‌ಗೆ ಪತ್ರದಲ್ಲಿ ಬರೆದಿದ್ದ. ಕ್ರೋಮ್ ಹಳದಿಯಲ್ಲಿ ಸೀಸವಿದೆ. ಅದರ ಬದಲು ನಾನು ಸೀಸವಿಲ್ಲದ ಹನ್ಸಾ ಹಳದಿ ಬಳಸುತ್ತೇನೆ.

3. ನಿಜವಾದ ಪಾಠಶಾಲೆ ಹೊಲ. ದೂರದಿಂದ ನೇರಳೆಯಾಗಿ ಕಾಣುವ ಮಣ್ಣಿನಲ್ಲಿ ನೀಲಿ, ಕಿತ್ತಳೆ, ಹಳದಿಯ ತುಂಡು ಗೆರೆಗಳು ಒತ್ತೊತ್ತಾಗಿವೆ. ನೇರಳೆಗೆ ಹಳದಿ ಬೆರೆತರೆ ಮಣ್ಣಿನ ಮಂಕು ಬಣ್ಣ ಬರುತ್ತದೆ. ಅದೂ ಬೇಕು, ಆದರೆ ಎಲ್ಲೆಡೆ ಅಲ್ಲ. ಹಾಗಾಗಿ ಪ್ರತಿ ಬಣ್ಣಕ್ಕೂ ಒಂದು ಕುಂಚ ಮೀಸಲಿಡಿ. ಕುಂಚದ ತುಂಬ ಬಣ್ಣ ಎತ್ತಿ, ಒಮ್ಮೆ ಇಟ್ಟು, ಕೈ ತೆಗೆಯಿರಿ. ಅದರ ಮೇಲೆ ಮತ್ತೆ ಸವರಿದರೆ ಗೆರೆಯ ಏರು ಸಾಯುತ್ತದೆ, ಕೆಳಗಿನ ಹಸಿ ಬಣ್ಣ ಮೇಲೆದ್ದು ಕೆಸರಾಗುತ್ತದೆ. ದೊಡ್ಡದು ಮಾಡಿದ ಛಾಯಾಚಿತ್ರದಲ್ಲಿ ಯಾವ ಗೆರೆ ಯಾವುದರ ಮೇಲೆ ಹಾದಿದೆ ಎಂದು ಹುಡುಕಿ. ನಕಲು ಮಾಡಬೇಕಾದದ್ದು ಈ ಅನುಕ್ರಮವನ್ನು. ಬಣ್ಣದ ಹೋಲಿಕೆ ಆಮೇಲಿನ ಮಾತು. ಏಕೆಂದರೆ ವ್ಯಾನ್ ಗೋನ ಎಷ್ಟೋ ಕೆಂಪುಗಳು ಬೆಳಕಿಗೆ ಮಾಸಿವೆ, ಅವನ ‘ಮಲಗುವ ಕೋಣೆ’ ಚಿತ್ರದ ನೇರಳೆ ಗೋಡೆಗಳು ಇಂದು ನೀಲಿಯಾಗಿವೆ.

4. ರೈತನನ್ನು ಕೊನೆಗೆ ಅಂಟಿಸಬೇಡಿ. ಕಲಿಯುವವರು ಹೊಲ ಮುಗಿಸಿ, ಸಣ್ಣ ಕುಂಚ ಹಿಡಿದು ಮನುಷ್ಯನಿಗೆ ಕಣ್ಣುಮೂಗು ಬರೆಯಲು ಕೂರುತ್ತಾರೆ. ಈ ರೈತನಿಗೆ ಅದು ಬೇಡ. ಅವನ ಜೀವ ಇರುವುದು ಚಾಚಿದ ತೋಳಿನಲ್ಲಿ, ದಾಪುಗಾಲಿನಲ್ಲಿ. ಹೊಲದ ಕುಂಚದಲ್ಲೇ, ಹೊಲದ ನೀಲಿಯಿಂದಲೇ, ಮಣ್ಣು ಹಸಿ ಇರುವಾಗಲೇ ಅವನನ್ನು ಬರೆಯಿರಿ. ಆಗ ಕಾಲು ನೆಲದಲ್ಲಿ ಊರುತ್ತದೆ.

5. ತಳದ ಪದರ ತೆಳು, ಮೇಲಿನದು ಜಿಡ್ಡು. ಕೆಳಗೆ ಟರ್ಪೆಂಟೈನ್ ಬೆರೆಸಿ ತೆಳುವಾಗಿ ಬಳಿಯಿರಿ; ಅಗಸೆ ಎಣ್ಣೆಯೇನಿದ್ದರೂ ಮೇಲಿನ ಪದರಕ್ಕೆ. ತಿರುವುಮುರುವಾದರೆ ಬಿರುಕು ಬಿಡುತ್ತದೆ. ಎಣ್ಣೆ ನೀರಿನಂತೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ದಪ್ಪ ಬಣ್ಣದ ಮೇಲ್ಮೈ ಒಣಗಿದ್ದರೂ ಒಳಗೆ ತಿಂಗಳುಗಟ್ಟಲೆ ಹಸಿ ಇರುತ್ತದೆ. ವಾರ್ನಿಷ್‌ಗೆ ಆತುರ ಬೇಡ.

6. ಮೂಲ ಚಿತ್ರ ಸುಮಾರು 64 × 80 ಸೆಂ.ಮೀ. ಮೂಲವೆಂದು ಯಾರೂ ತಪ್ಪು ತಿಳಿಯದಂತೆ ನಿಮ್ಮದು ಬೇರೆ ಅಳತೆಯಲ್ಲಿರಲಿ. ಕ್ಯಾನ್ವಾಸಿನ ಹಿಂದೆ ‘ವ್ಯಾನ್ ಗೋನ ಚಿತ್ರದ ನಕಲು’ ಎಂದು ಬರೆದು, ನಿಮ್ಮ ಹೆಸರು, ಇಸವಿ ಹಾಕಿ.